ಎರಡನೇ ಡಬ್ಬಿಯ ಸದ್ದು

ಬೆನ್ನಿಗೆ ಗಿಟಾರು ನೇತುಹಾಕಿಕೊಂಡು, ಸ್ಕೂಟಿಯಲ್ಲಿ ಕಾಲಿಡುವ ಜಾಗಕ್ಕೆ ಬ್ಯಾಟರಿ ಸ್ಪೀಕರೊಂದನ್ನು ತುರುಕಿಕೊಂಡು ಮೊಮ್ಮಗಳು ರೋಜಾ ಬರುವುದನ್ನು ಕಂಡು, ಗಂಗಕ್ಕ ಬಿಚ್ಚುತ್ತಿದ್ದ ಬುತ್ತಿಗಂಟನ್ನು ಹಾಗೇ ಬಿಟ್ಟು ಎದ್ದಳು. ಐಮಂಗಲದಾಚೆ ಶೇಂಗಾ ಕಿತ್ತು ಮುಗಿದ ಹೊಲ ಅದು. ಅರವತ್ತು ಕುರಿ ಅಲ್ಲಲ್ಲಿ ಉಳಿದ ಬಳ್ಳಿ ಮೇಯುತ್ತಿದ್ದವು. ಹೊಲ ದಾಟಿದರೆ ಸರ್ವಿಸ್ ರೋಡು, ಅದರಾಚೆ ಹೈವೇ. ಬೆಳಗಿನಿಂದ ಸಂಜೆತನಕ ಲಾರಿಗಳ ಓಡಾಟ ನಿಂತದ್ದೇ ಇಲ್ಲ.

"ರೂಮಿನ ಓನರಮ್ಮ ಬಯ್ತಾಳಜ್ಜಿ," ಎಂದು ರೋಜಾ ಸ್ಪೀಕರನ್ನು ಬದುವಿನ ಮೇಲಿಟ್ಟಳು. ಅವಳು ದುರ್ಗದಲ್ಲಿ ಕಾಲೇಜು ಓದುವವಳು. "ದುರ್ಗದಾಗೆ ಜೋರಾಗಿ ಬಾರ್ಸಂಗಿಲ್ಲ. ಜೋರಾಗಿ ಕೇಳ್ದಲೆ ಯಾವ್ದು ಇಟ್ಕಳದು ಅಂತ ಗೊತ್ತಾಗಲ್ಲ. ಅಂಗಡಿಯೋನು ಎರಡೂ ಕೊಟ್ಟವ್ನೆ, ಸಂಜಿಗೆ ಒಂದು ವಾಪಸ್ ಕೊಡ್ಬೇಕು."

ಚೀಲದಿಂದ ಎರಡು ತಗಡಿನ ಡಬ್ಬಿ ಹೊರಬಂದವು. ಎಲೆ ಅಡಿಕೆ ಇಡುವ ಡಬ್ಬಿಯಷ್ಟೇ ಗಾತ್ರ, ಮೇಲೆ ಕಾಲಿನಿಂದ ಒತ್ತುವ ಗುಂಡಿ. ಪೆಡಲ್ ಅನ್ನುತ್ತಾರಂತೆ, ಸ್ವರವನ್ನು ಬೇಕೆಂದೇ ಒರಟು ಮಾಡುವುದು ಅದರ ಕೆಲಸವೆಂದು ರೋಜಾ ಹೇಳಿದಳು. ಗಿಟಾರಿನ ವೈರು ಡಬ್ಬಿಗೆ, ಡಬ್ಬಿಯ ವೈರು ಸ್ಪೀಕರಿಗೆ.

ಗಂಗಕ್ಕನ ಅಣ್ಣ ಯತ್ತಪ್ಪ ಕೋಲೂರಿಕೊಂಡು ಹತ್ತಿರ ಬಂದ. "ಎಲ್ರೂ ಸ್ವರ ಚೆಂದ ಬರ್ಲಿ ಅಂತ ಬಾರ್ಸ್ತಾರೆ. ನೀನು ಕೆಡ್ಸಾಕೆ ಡಬ್ಬಿ ತಂದೀಯೇನೇ?"

"ಹೂಂ ತಾತ. ಕೆಡ್ಸದ್ರಾಗೂ ಹದ ಐತೆ."

ಮೊದಲು ಕಿತ್ತಳೆ ಬಣ್ಣದ ಡಬ್ಬಿ. ಅದು ಡಿಸ್ಟಾರ್ಷನ್. ರೋಜಾ ಗುಂಡಿ ಒತ್ತಿ ತಂತಿ ಮೀಟಿದಳು. ಹೊಲವೆಲ್ಲ ಗದರಿದ ಹಾಗಾಯಿತು. ಕುರಿಗಳು ತಲೆಯೆತ್ತಿ ನೋಡಿ, ತಮಗೆ ಸಂಬಂಧವಿಲ್ಲ ಎಂಬಂತೆ ಮತ್ತೆ ಬಗ್ಗಿದವು.

"ಸೈಲೆನ್ಸರ್ ಕಿತ್ತೋದ ಟ್ರ್ಯಾಕ್ಟರು ದಿಬ್ಬ ಹತ್ತಿದಂಗೈತೆ," ಎಂದ ಯತ್ತಪ್ಪ.

"ಅದೇ ಬೇಕಾಗಿರದು ತಾತ. ಇದು ಒರಟು, ಆದ್ರೆ ತಂತಿ ಹಿಡಿದ್ರೆ ತಟ್ಟನೆ ನಿಲ್ಲುತ್ತೆ. ಇನ್ನೊಂದು ಫಜ್ ಅಂತ. ಅದು ಸದ್ದನ್ನ ಹರಿದು ಚಿಂದಿ ಮಾಡಿ ಗುಂಯ್ ಅನ್ನಿಸ್ತದೆ. ಯಾವ್ದು ಚೆಂದ ಅಂತ ನೀನೇ ಹೇಳಜ್ಜಿ."

ತನ್ನ ಕಿವಿಯನ್ನು ನಂಬಿ ಮೊಮ್ಮಗಳು ಅಷ್ಟು ದೂರದಿಂದ ಬಂದಿದ್ದಾಳೆ ಎಂದು ಗಂಗಕ್ಕನಿಗೆ ಒಳಗೊಳಗೇ ಹೆಮ್ಮೆ. ಕಂಬಳಿಯನ್ನು ಹೆಗಲಿಗೆ ಸರಿಮಾಡಿಕೊಂಡು ನಿಂತಳು.

ರೋಜಾ ಬೂದುಬಣ್ಣದ ಡಬ್ಬಿ ಒತ್ತಿದಳು.

ಸದ್ದು ಸ್ಪೀಕರಿನಿಂದ ಬಂದಂತೆ ಗಂಗಕ್ಕನಿಗೆ ಅನ್ನಿಸಲಿಲ್ಲ. ಮೇಲಿನಿಂದ, ಹಿಂದಿನಿಂದ, ನೆತ್ತಿಯ ಸುತ್ತಲಿಂದ ಬಂತು. ಸಣ್ಣಗೆ ಶುರುವಾಗಿ, ಸಾವಿರ ರೆಕ್ಕೆ ಒಟ್ಟಿಗೇ ಬಿಚ್ಚಿದ ಹಾಗೆ ಹರಡಿತು. ಹೋದ ಬೇಸಿಗೆ ಜೋಗಿಮಟ್ಟಿಯ ತಪ್ಪಲಿನಲ್ಲಿ ಇದೇ ಸದ್ದು ಕೇಳಿದ್ದಳು. ಬಂಡೆಯಿಂದ ಹೆಜ್ಜೇನು ಎದ್ದು ಮಂದೆಯ ಮೇಲೆ ಬಿದ್ದಿತ್ತು. ಅವತ್ತು ಮೂರು ಕುರಿ ಸತ್ತವು. ಗಂಗಕ್ಕನ ಮುಖ ಹಿಟ್ಟಿನ ಮುದ್ದೆಯಂತೆ ಊದಿ, ನಾಲ್ಕು ದಿನ ಆಸ್ಪತ್ರೆಯಲ್ಲಿ ಕಣ್ಣು ಬಿಡಲಾಗದೆ ಮಲಗಿದ್ದಳು. ಕಂಬಳಿ ಮುಸುಕು ಹಾಕಿಕೊಂಡು ನೆಲಕ್ಕೆ ಕವುಚಿದ್ದರಿಂದ ಜೀವ ಉಳಿದಿತ್ತು. ಆಮೇಲೆ ನೊಣ ಹಾರಿದರೂ ಅವಳ ಅಂಗೈ ತಣ್ಣಗಾಗುತ್ತಿತ್ತು. ಕುರಿ ಕಾಯುವವಳಿಗೆ ಹುಳದ ಭಯವೇ ಎಂದು ಜನ ನಕ್ಕಾರೆಂದು ಯಾರಿಗೂ ಹೇಳಿರಲಿಲ್ಲ.

ನಿಲ್ಲಿಸವ್ವ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹುಡುಗಿ ಅಷ್ಟು ಆಸೆಯಿಂದ ನೋಡುತ್ತಿದ್ದಳು. ಇದು ತಂತಿ, ಇದು ತಗಡು ಎಂದು ಗಂಗಕ್ಕ ಮನಸ್ಸಿನಲ್ಲೇ ಹೇಳಿಕೊಂಡಳು. ಅಷ್ಟರಲ್ಲಿ ರೋಜಾ ಬಗ್ಗಿ ಡಬ್ಬಿಯ ತಿರುಪು ಇನ್ನಷ್ಟು ತಿರುವಿದಳು.

ಆಮೇಲೆ ಆದದ್ದು ಗಂಗಕ್ಕ ಮಾಡಿದ್ದಲ್ಲ, ಅವಳ ಕೈ ಮಾಡಿದ್ದು. ಕಂಬಳಿ ತಲೆಯ ಮೇಲೆ ಬಂತು, ಮೊಣಕಾಲು ನೆಲಕ್ಕೆ ತಾಗಿತು, ಹಣೆ ಮಣ್ಣಿಗೆ ಒತ್ತಿತು. ಉಣ್ಣೆಯ ವಾಸನೆಯ ಕತ್ತಲಲ್ಲಿ ಉಸಿರು ಬಿಗಿಹಿಡಿದಳು. ಇನ್ನೇನು ಕಚ್ಚುತ್ತವೆ, ಮೊದಲು ಕಿವಿಗೆ.

ಕಚ್ಚಲಿಲ್ಲ. ಬದಲಿಗೆ ನೆಲ ನಡುಗಿತು. ಕುರಿಗಳು ಓಡುತ್ತಿದ್ದ ಕಾಲಸಪ್ಪಳ.

"ಗಂಗೀ, ಮಂದೆ ರೋಡಿಗೆ ಬಿತ್ತು!" ಎಂದು ಯತ್ತಪ್ಪ ಕೂಗಿದ.

ಗಂಗಕ್ಕ ಮುಸುಕು ತೆಗೆದು ನೋಡಿದಳು. ಅರವತ್ತೂ ಕುರಿ ಒಂದೇ ಮುದ್ದೆಯಾಗಿ ಹೈವೇ ಕಡೆಗೆ ಹರಿಯುತ್ತಿದ್ದವು. ಎಲ್ಲಕ್ಕೂ ಮುಂದೆ ಕರಿಕಿವಿ, ಮಂದೆಯ ಹಿರಿಯ ಕುರಿ. ಅದು ಹೋದಲ್ಲಿಗೆ ಉಳಿದವು ಹೋಗುತ್ತವೆ. ರೋಜಾ ಸದ್ದು ನಿಲ್ಲಿಸಿದ್ದಳು, ಆದರೂ ಅವು ನಿಲ್ಲಲಿಲ್ಲ. ಗಿಟಾರನ್ನು ಅಲ್ಲೇ ಬಿಸುಟು ಸ್ಕೂಟಿ ಹತ್ತಿ, ಬದುವಿನ ಮೇಲೇ ಕುಪ್ಪಳಿಸುತ್ತ ಸರ್ವಿಸ್ ರೋಡಿಗೆ ಹೋಗಿ, ಹೊಲದಿಂದ ರೋಡಿಗೆ ಹೋಗುವ ಕಂಡಿಗೆ ಅಡ್ಡ ನಿಂತಳು. ಅವಳ ಬೆನ್ನ ಹಿಂದೆ ಲಾರಿಗಳು. ಈಗ ಗಂಗಕ್ಕನ ಕಣ್ಣಿಗೆ ಕುರಿ ಕಾಣಲಿಲ್ಲ, ಆ ಹುಡುಗಿಯೊಬ್ಬಳೇ ಕಂಡಳು. ಹೆದರಿದ ಮಂದೆ ಮನುಷ್ಯರನ್ನು ನೋಡಿ ನಿಲ್ಲುವುದಿಲ್ಲ. ಬೀಳಿಸಿ ತುಳಿದುಕೊಂಡೇ ಹೋಗುತ್ತದೆ.

ಕಂಬಳಿ ಕಾಲಿಗೆ ತೊಡರಿತು. ಕಿತ್ತು ಎಸೆದು ಬರಿದಲೆಯಲ್ಲಿ ಓಡಿದಳು. ಓಡುತ್ತಲೇ, ನೀರಿಗೆ ಕರೆಯುವಾಗ ಕೂಗುವ ಕೂಗು ಹಾಕಿದಳು. ಮೊದಲ ಕೂಗು ಹೊರಡಲೇ ಇಲ್ಲ. ಎರಡನೆಯದು ಹೊರಟಿತು.

ಕರಿಕಿವಿ ಓಡುತ್ತಲೇ ಕತ್ತು ಹೊರಳಿಸಿ ನೋಡಿತು. ಗಂಗಕ್ಕನ ಬರಿದಲೆ ನೋಡಿತು. ಕಾಲು ನಿಧಾನವಾಯಿತು. ಸ್ಕೂಟಿಗೆ ಮಾರು ದೂರವಿದ್ದಾಗ ನಿಂತಿತು. ಹಿಂದಿನವು ಒಂದರ ಮೇಲೊಂದು ಮುಗ್ಗರಿಸಿ ನಿಂತವು. ಎರಡು ಮರಿ ಮಾತ್ರ ಸಂದಿಯಲ್ಲಿ ನುಸುಳಿ ಸರ್ವಿಸ್ ರೋಡಿಗೆ ಹೋದವು. ಅಲ್ಲಿ ಬರುತ್ತಿದ್ದ ಲಾರಿಯೊಂದು ಕಿರ್ರನೆ ನಿಂತಿತು. ಡ್ರೈವರ್ ಇಳಿದು ಬಂದು ಬಾಯಿಗೆ ಬಂದಂತೆ ಬಯ್ದು, ಮರಿಗಳನ್ನು ತಾನೇ ಎತ್ತಿ ತಂದುಕೊಟ್ಟ.

ಮಂದೆಯನ್ನು ಹೈವೇಯಿಂದ ದೂರ, ಹೊಲದ ಆಚೆ ಕೊನೆಗೆ ಹೊಡೆದುಕೊಂಡು ಹೋದರು. ಸ್ಪೀಕರನ್ನೂ ಅಲ್ಲಿಗೇ ಹೊತ್ತು ತಂದು ರೋಜಾ ಅಳುತ್ತ ವೈರು ಸುತ್ತುತ್ತಿದ್ದಳು.

"ನಿನ್ನ ಡಬ್ಬಿ ತಗಂಡೋಗಿ ಹಾಳುಬಾವಿಗೆ ಹಾಕು," ಎಂದ ಯತ್ತಪ್ಪ. "ಕುರಿ ಕಾಯೋ ಜಾಗ್ದಾಗೆ ಇಂಥಾ ಸದ್ದು ಮಾಡ್ತಾರೇನು?"

"ಎರಡೂ ವಾಪಸ್ ಕೊಡ್ತೀನಿ ತಾತ. ಗಿಟಾರೂ ಬ್ಯಾಡ."

ಗಂಗಕ್ಕ ಕೂತು ಒಂದು ತಂಬಿಗೆ ನೀರು ಕುಡಿದಳು. ಹೇಳದೆ ಇದ್ದುಬಿಡಬಹುದಿತ್ತು. ಹುಡುಗಿ ಮೂಗೊರೆಸಿಕೊಂಡು ಮನೆಗೆ ಹೋಗುತ್ತಿದ್ದಳು.

"ಸದ್ದಿಗೆ ಓಡ್ಲಿಲ್ಲ ಕಣಣ್ಣ," ಎಂದಳು. "ನನ್ನ ನೋಡಿ ಓಡಿದ್ವು."

"ಏನಂತೀಯ?"

"ಆ ಹುಳ ಬಿದ್ದಾಗ ಅವು ಕಂಡಿದ್ದು ಏನು? ನಾನು ಮುಸುಕು ಹಾಕಿ ಕವುಚಿದ್ದು. ಆಮ್ಯಾಲೆ ಕಚ್ಚಿಸ್ಕಂಡ್ವು. ಇವತ್ತೂ ಹಂಗೇ ಮುಸುಕು ಹಾಕ್ದೆ. ಅವ್ಕೆ ಅಷ್ಟು ಸಾಕಾಯ್ತು."

ಯತ್ತಪ್ಪ ಕೋಲೂರಿ ಅವಳ ಪಕ್ಕ ಕೂತ. ಅಲ್ಲಿಯವರೆಗೆ ಗೊತ್ತಿಲ್ಲದ್ದು ಈಗ ಗೊತ್ತಾಗಿತ್ತು. "ಅವತ್ತಿಂದ ಭಯ ಐತೇನೇ ನಿಂಗೆ?" ಎಂದ, ದನಿ ಇಳಿಸಿ.

"ಐತೆ. ನಾಳೆ ಯಾವನಾರ ಪಕ್ಕದ ಹೊಲ್ದಾಗೆ ಔಷ್ದಿ ಹೊಡಿಯೋ ಮಿಷಿನ್ ಚಾಲೂ ಮಾಡ್ತಾನೆ. ಅದೂ ಹಿಂಗೇ ಗುಂಯ್ ಅಂತದೆ. ನಾನು ಮುಸುಕು ಹಾಕ್ತೀನಿ, ಇವು ಹೈವೇಗೆ ಹೋಗ್ತವೆ. ಆವಾಗ ಅಡ್ಡ ನಿಲ್ಲಾಕೆ ರೋಜಾ ಇರ್ತಾಳಾ?" ಅವಳು ಎದ್ದು, ಬರುವಾಗ ಎತ್ತಿಕೊಂಡು ಬಂದಿದ್ದ ಕಂಬಳಿಯನ್ನು ಅಣ್ಣನ ಕೈಗೆ ಕೊಟ್ಟಳು. "ರೋಜಾ, ವೈರು ಬಿಚ್ಚವ್ವ. ಎರಡನೇದು ಬಾರ್ಸು."

"ಬ್ಯಾಡಜ್ಜಿ."

"ಸಣ್ಣಗೆ ಬಾರ್ಸು. ನಾನು ನಿಲ್ಸು ಅಂದ್ರೆ ನಿಲ್ಸು."

ಗಂಗಕ್ಕ ಮಂದೆಯ ಮುಂದೆ, ಕರಿಕಿವಿಗೆ ಎದುರಾಗಿ ನಿಂತಳು. ಯತ್ತಪ್ಪ ಕೋಲು ಹಿಡಿದು ಹೈವೇ ಕಡೆಗೆ ನಿಂತ. ಹಿಂದೆ ಗುಂಡಿ ಒತ್ತಿದ ಟಕ್ಕೆಂಬ ಸದ್ದು. ಆಮೇಲೆ ಅದು ಬಂತು.

ಬೆನ್ನಮೇಲೆ ಹುಳ ಹರಿದಂತಾಯಿತು. ಕಿವಿಯ ಹಿಂದೆ ಏನೋ ಕೂತಿತು, ನಿಜವಾಗಿಯೂ ಕೂತಿತು ಅನ್ನಿಸಿತು. ಬಲಗೈ ಹೆಗಲಿನ ತನಕ ಎದ್ದಿತು. ಅಲ್ಲಿ ಕಂಬಳಿ ಇರಲಿಲ್ಲ. ಆ ಕೈಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು. ಕರಿಕಿವಿ ಮೆಲುಕು ಹಾಕುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿತ್ತು. ಹಿಂದಿನ ಕುರಿಗಳೂ ತಲೆಯೆತ್ತಿದ್ದವು.

"ಏನಿಲ್ಲ ಮೇಯ್ರವ್ವ, ಏನಿಲ್ಲ," ಎಂದಳು. ಕುರಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ. ಸೀರೆಯೊಳಗೆ ಕಾಲು ಎರಡೂ ಅದುರುತ್ತಿದ್ದವು. ಸೀರೆ ಉದ್ದವಿತ್ತು, ಪುಣ್ಯ.

ತುಂಬ ಹೊತ್ತಾದ ಮೇಲೆ ಕರಿಕಿವಿ ಸೀನಿ ತಲೆ ಬಗ್ಗಿಸಿತು. ಪಕ್ಕದ್ದೊಂದು ಬಗ್ಗಿತು. ಮತ್ತೆರಡು ಬಗ್ಗಿದವು.

"ಇನ್ನು ಸ್ವಲ್ಪ ಜೋರು ಮಾಡ್ಲಾ ಅಜ್ಜಿ?" ಎಂದು ಹಿಂದಿನಿಂದ ರೋಜಾ ಮೆಲ್ಲಗೆ ಕೇಳಿದಳು.

ಗಂಗಕ್ಕ ಕುರಿಯ ಮೇಲಿನ ಕಣ್ಣು ತೆಗೆಯದೆ ಹೂಂ ಎಂಬಂತೆ ತಲೆಯಾಡಿಸಿದಳು.