ಮುಂಬಾಗಿಲು ತೆರೆದ ದಿನ

ಹೋರ್ನ್ ಪಟ್ಟಣದಾಚೆಯ ಹಳ್ಳಿಗಳಲ್ಲಿ ಮನೆಗಳೆಲ್ಲ ಒಂದೇ ಬಗೆ. ಚೌಕದ ಗೋಡೆ, ಅದರ ಮೇಲೆ ನಾಲ್ಕು ಕಡೆಯಿಂದಲೂ ಏರಿ ತುದಿಯಲ್ಲಿ ಕೂಡುವ ದೊಡ್ಡ ಸೂರು. ಮನೆಯ ನಡುಭಾಗವೆಲ್ಲ ಒಣಹುಲ್ಲು ಪೇರಿಸಿಡುವ ಜಾಗ. ಒಂದು ಬದಿಗೆ ದನ, ಇನ್ನೊಂದು ಬದಿಗೆ ಜನ.

ಅಂಥದೊಂದು ಮನೆಯಲ್ಲಿ ಡೀವರ್ ಇದ್ದಳು. ಯುದ್ಧ ಮುಗಿದು ಹತ್ತು ಹನ್ನೆರಡು ವರ್ಷವಾಗಿತ್ತು. ಗಂಡ ಸೀಮ್ ಹಿಂದಿನ ಚಳಿಗಾಲ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ದನಗಳನ್ನು ಮೈದುನ ಮೈಂಡರ್ತ್ ತನ್ನ ಹಟ್ಟಿಗೆ ಹೊಡೆದುಕೊಂಡು ಹೋದ. ಈಗ ಮನೆಗೂ ಒಬ್ಬ ಗಿರಾಕಿಯನ್ನು ಹುಡುಕಿದ್ದ.

"ಇರ್ತೀರೋ ಬಿಡ್ತೀರೋ, ಭಾನುವಾರ ಒಂದು ಮಾತು ಹೇಳಿಬಿಡಿ ಅತ್ತಿಗೆ" ಅಂದಿದ್ದ.

ಡೀವರ್‌ಗೆ ಇರಬೇಕೆಂದೂ ಅನಿಸಲಿಲ್ಲ, ಬಿಡಬೇಕೆಂದೂ ಅನಿಸಲಿಲ್ಲ. ಸೀಮ್ ಹೋದ ದಿನದಿಂದ ಅಳುವೂ ಬಂದಿರಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ತುಟಿ ಮುಟ್ಟಿದರೆ ಬೇರೆ ಯಾರದೋ ತುಟಿಯ ಹಾಗಿರುತ್ತದಲ್ಲ, ಅವಳ ಮನಸ್ಸು ಹಾಗಿತ್ತು. ರಾತ್ರಿ ಅಡುಗೆಮನೆಯ ಒಲೆ ಪಕ್ಕ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚುತ್ತಿದ್ದಳು.

ಶನಿವಾರ ತಂಗಿ ವೆಲ್ಮೂತ್ ಪಟ್ಟಣದಿಂದ ಬಂದಳು. ಅವಳು ಪೀಠೋಪಕರಣದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಕೊಳ್ಳಲು ಬಂದವರಿಗೆ ಯಾವುದನ್ನು ಎಲ್ಲಿಡಬೇಕೆಂದು ಹೇಳಿಕೊಡುವವಳು. ಅಂಗಡಿಯ ಗಾಡಿಯಲ್ಲಿ ತಿಳಿಬಣ್ಣದ ಒಂದು ದುಂಡು ಮೇಜನ್ನು ಹಾಕಿಸಿಕೊಂಡು ಬಂದಿದ್ದಳು. ಗಾಡಿಯವನು ಅದನ್ನು ಅಂಗಳದಲ್ಲಿ ಇಳಿಸಿ ಹೊರಟುಹೋದ.

"ಬಿಡೋದಾದ್ರೆ ಬಿಡಕ್ಕ, ನಾನು ಬೇಡ ಅನ್ನಲ್ಲ. ಆದ್ರೆ ಕತ್ತಲಲ್ಲಿ ಕೂತ್ಕೊಂಡು ತೀರ್ಮಾನ ಮಾಡ್ಬೇಡ. ಮೊದಲು ಒಳಗೆ ಬೆಳಕು ಬರ್ಲಿ."

ಇಬ್ಬರೂ ದೊಡ್ಡ ಕೋಣೆಗೆ ಹೋದರು. ಮೇಣ ಹಚ್ಚಿ ಉಜ್ಜಿದ ನೆಲ, ಗೋಡೆಗೆ ನೀಲಿ ತಟ್ಟೆಗಳು, ಕಿಟಕಿಗೆ ಅಡ್ಡವಾಗಿ ಒಂದು ಕಪ್ಪು ಬೀರು. ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಸೀಮ್‌ನ ಶವಪೆಟ್ಟಿಗೆಯನ್ನು ನಡುವಿನಲ್ಲಿ ಇಡಲೆಂದು ಕುರ್ಚಿ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ಅವು ಇನ್ನೂ ಗೋಡೆಗೇ ಒರಗಿ ನಿಂತಿದ್ದವು. ನಡುವಿನಲ್ಲಿ ಒಬ್ಬ ಮನುಷ್ಯನ ಉದ್ದದ ಜಾಗ ಖಾಲಿ ಬಿದ್ದಿತ್ತು.

"ಕೋಣೆ ಅಂದ್ರೆ ಇಷ್ಟೇ ಅಕ್ಕ" ಎಂದು ವೆಲ್ಮೂತ್ ತೋಳು ಮಡಚಿದಳು. "ಬೆಳಕಿಗೆ ಏನೂ ಅಡ್ಡ ಇಡಬಾರದು. ಕಾಲಿಗೆ ದಾರಿ ಬಿಡಬೇಕು. ಮತ್ತೆ, ಒಳಗೆ ಬಂದವರ ಕಣ್ಣು ಹೋಗಿ ಕೂರೋಕೆ ಒಂದು ಜಾಗ ಇರಬೇಕು."

"ಅದು ಇದೆಯಲ್ಲ" ಎಂದಳು ಡೀವರ್, ಖಾಲಿ ಜಾಗವನ್ನು ನೋಡುತ್ತ.

ವೆಲ್ಮೂತ್ ಅಂಗಳಕ್ಕೆ ಇಳಿದಳು. ಇಬ್ಬರೂ ಮೇಜನ್ನು ಎತ್ತಿದರು. ಆದರೆ ಅದು ಹಟ್ಟಿಯ ಕಡೆಯ ಇಕ್ಕಟ್ಟು ಓಣಿಯಲ್ಲಿ ತಿರುಗಲಿಲ್ಲ. ಹಾಗೆ ಹಿಡಿದರು, ಹೀಗೆ ಹಿಡಿದರು, ಗೋಡೆಯ ಸುಣ್ಣ ಉದುರಿತು.

"ಮುಂಬಾಗಿಲು ತೆಗೀಲಾ?" ಎಂದು ಕೇಳುವಾಗ ವೆಲ್ಮೂತ್ ದನಿ ತಗ್ಗಿತು.

ದೊಡ್ಡ ಕೋಣೆಗೆ ತೆರೆಯುವ ಆ ಬಾಗಿಲಿನಿಂದ ಮದುವಣಗಿತ್ತಿ ಒಳಗೆ ಬರುತ್ತಾಳೆ, ಹೆಣ ಹೊರಗೆ ಹೋಗುತ್ತದೆ. ಉಳಿದ ದಿನ ಅದು ಮುಚ್ಚಿಯೇ ಇರುತ್ತದೆ, ಹೊರಗಡೆ ಹಿಡಿಯೂ ಇಲ್ಲ. ಎಲ್ಲರೂ ಹಿತ್ತಿಲ ಬಾಗಿಲಲ್ಲೇ ಓಡಾಡುವವರು.

"ತೆಗಿ" ಎಂದಳು ಡೀವರ್. ಬೇಡ ಅನ್ನುವುದಕ್ಕೂ ಅವಳಲ್ಲಿ ಬಲವಿರಲಿಲ್ಲ.

ಅಗುಳಿಗೆ ಸುತ್ತಿಗೆಯಿಂದ ಬಡಿಯಬೇಕಾಯಿತು. ಕಪ್ಪು ಬೀರನ್ನು ಎಳೆದು ಹೊರಗೆ ಹುಲ್ಲಿನ ಮೇಲೆ ನಿಲ್ಲಿಸಿದರು, ಮೇಜನ್ನು ಉರುಳಿಸಿ ಒಳಗೆ ತಂದರು. ಗಾಳಿಯಾಡಲೆಂದು ಬಾಗಿಲನ್ನು ಹಾಗೇ ಬಿಟ್ಟರು.

ಮೇಜು ಒರೆಸಿ ಮುಗಿದಿರಲಿಲ್ಲ, ಕಾಲುವೆಯಾಚೆಯ ಆರಿಸ್ ಹೊಸ್ತಿಲಲ್ಲಿ ನಿಂತಿದ್ದ, ಟೋಪಿ ಕೈಯಲ್ಲಿ. ಹಿಂದೆ ಅವನ ಹೆಂಡತಿ ಗೀರ್ತಾ, ಕಪ್ಪು ಕೋಟು ತೊಟ್ಟು, ಒಂದು ಕೈಯಲ್ಲಿ ಕಾಫಿ ಪಾತ್ರೆ, ಇನ್ನೊಂದರಲ್ಲಿ ಕೇಕು. ಸಾವಿನ ಮನೆಗೆ ಮೊದಲು ಹೋಗಬೇಕಾದವರು ಪಕ್ಕದ ಮನೆಯವರೇ, ಅದು ಅಲ್ಲಿಯ ಕಟ್ಟಳೆ.

"ಯಾವಾಗ ಆಯ್ತಮ್ಮ ವೆಲ್ಮೂತ್?" ಎಂದ ಆರಿಸ್. "ನಿನ್ನೆ ಸಂಜೆ ಹಟ್ಟಿ ಬಾಗಿಲಲ್ಲಿ ನಿಂತಿದ್ಲು. ನನ್ನ ಕಡೆ ಕೈ ಕೂಡ ಎತ್ತಿದ್ಲು."

ಅಷ್ಟರಲ್ಲಿ ಡೀವರ್ ಅಡುಗೆಮನೆಯಿಂದ ತಟ್ಟೆಗಳನ್ನು ಹೊತ್ತು ಬಂದಳು.

"ಅಯ್ಯೋ ದೇವರೇ!" ಗೀರ್ತಾ ಕೇಕನ್ನು ಬೀಳಿಸುವುದರಲ್ಲಿದ್ದಳು. "ನೀನು ಸತ್ತಿಲ್ವೇನೇ?"

"ಇಲ್ಲ ಅಂತ ಕಾಣುತ್ತೆ" ಎಂದಳು ಡೀವರ್.

"ಮತ್ತೆ ಬಾಗಿಲು?"

"ಮೇಜು ಬಂತು."

"ಮೇಜಿಗೆ ಮುಂಬಾಗಿಲಾ? ಅದೇನು ಮದುವಣಗಿತ್ತಿಯಾ?" ಎಂದ ಆರಿಸ್.

"ಸುಮ್ನಿರಿ ನೀವು. ಉಸಿರು ಬಿಗಿಹಿಡಿದು ಈ ಕೋಟಿನ ಗುಂಡಿ ಹಾಕ್ಕೊಂಡು ಓಡಿ ಬಂದಿದೀನಿ, ಇವಳು ನೋಡಿದ್ರೆ ತಟ್ಟೆ ಜೋಡಿಸ್ತಾ ಇದಾಳೆ! ತಂದಿದ್ದನ್ನಂತೂ ವಾಪಸ್ ಒಯ್ಯಲ್ಲ. ಮಗನ ಹುಟ್ಟುಹಬ್ಬಕ್ಕೆ ಅಂತ ಮಾಡಿಟ್ಟ ಕೇಕು, ನಿನ್ನ ಸಾವಿಗೆ ಅಂತ ಎತ್ಕೊಂಡು ಬಂದೆ."

ಆರಿಸ್ ಗೋಡೆಯ ಅಂಚಿನಲ್ಲೇ ಸುತ್ತಿ ಹೋಗಿ ಕೂತ. ಮೇಜು ಇನ್ನೂ ಕಿಟಕಿಯ ಬಳಿಯೇ ಇತ್ತು. ಗೀರ್ತಾ ಮಾತ್ರ ಒಂದು ಕುರ್ಚಿಯನ್ನು ನಡುವಿಗೆ ಎಳೆದು, "ಗೋಡೆ ಪಕ್ಕ ಥಂಡಿ, ಇಲ್ಲಿ ಬಿಸಿಲಿದೆ" ಎಂದು ಸೀಮ್‌ನ ಪೆಟ್ಟಿಗೆ ಇದ್ದ ಜಾಗದಲ್ಲೇ ಧಪ್ಪನೆ ಕೂತಳು.

ವೆಲ್ಮೂತ್ ಅಕ್ಕನ ಮುಖ ನೋಡಿದಳು. ಡೀವರ್ ತನ್ನೊಳಗೆ ಏನಾದರೂ ಒಡೆಯಬಹುದೆಂದು ಕಾದಳು. ಏನೂ ಒಡೆಯಲಿಲ್ಲ. ಕಾಫಿ ಬಗ್ಗಿಸಿದಳು.

"ಸಕ್ಕರೆ ಎರಡಾ, ಗೀರ್ತಕ್ಕ?"

"ಮೂರು ಹಾಕು. ಎದೆ ಇನ್ನೂ ಹೊಡ್ಕೋತಾ ಇದೆ."

ಆಗ ಆರಿಸ್ ತನ್ನ ಕಾಲು ನೋಡಿಕೊಂಡು ಕೆಂಪಾದ. ಹಿತ್ತಿಲ ಬಾಗಿಲಲ್ಲಾದರೆ ಮರದ ಮೆಟ್ಟು ಬಿಡುವ ಸಾಲು ಇರುತ್ತದೆ, ಕಾಲು ತಾನಾಗಿ ನಿಲ್ಲುತ್ತದೆ. ಮುಂಬಾಗಿಲಲ್ಲಿ ಅಂಥದೇನೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮೆಟ್ಟು ಮೆಟ್ಟಿಕೊಂಡೇ ಒಳಗೆ ಬಂದಿದ್ದರು. ಮೇಣದ ನೆಲದ ಮೇಲೆ ಕೆಸರು.

"ನಮ್ಮಮ್ಮ ನೋಡಿದ್ರೆ ಗೋರಿಯಿಂದ ಎದ್ದು ಬಂದು ಬಾರಿಸ್ತಿದ್ಲು" ಎನ್ನುತ್ತ ಅವನು ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಎಲ್ಲಿಡಬೇಕೆಂದು ತಿಳಿಯಲಿಲ್ಲ, ಮಡಿಲಲ್ಲಿ ಇಟ್ಟುಕೊಂಡ.

ಡೀವರ್ ಬಕೆಟ್ಟಿನಲ್ಲಿ ನೀರು ತಂದು ಮಂಡಿಯೂರಿದಳು. ಬಾಗಿಲಿಂದ ಶುರುಮಾಡಿ ಹೆಜ್ಜೆ ಹಿಡಿದು ಒರೆಸುತ್ತ ಬಂದಳು.

"ಕಾಲೆತ್ತಿ ಗೀರ್ತಕ್ಕ."

ಗೀರ್ತಾ ಕಾಲೆತ್ತಿದಳು. ಡೀವರ್ ಕುರ್ಚಿಯಡಿ ಒರೆಸಿದಳು, ಬಟ್ಟೆ ಹಿಂಡಿದಳು, ತಲೆ ಎತ್ತದೆ ಹೇಳಿದಳು:

"ವೆಲ್ಮೂತ್, ಬಾಗಿಲ ಒಳಗೆ ಎಡಗಡೆ ಒಂದು ಹಲಗೆ ಬೇಕು, ಮೆಟ್ಟು ಬಿಡೋಕೆ. ಬಲಗಡೆ ಬೇಡ. ಮಳೆ ಆ ಕಡೆಗೆ ಹೊಡೆಯುತ್ತೆ."

"ಯಾರ ಮೆಟ್ಟಿಗೆ ಅಕ್ಕ?"

"ಬರೋರ ಮೆಟ್ಟಿಗೆ."

ವೆಲ್ಮೂತ್ ಲೋಟ ಕೆಳಗಿಟ್ಟಳು. "ಹಾಗಾದ್ರೆ ಮೈಂಡರ್ತ್‌ಗೆ?"

"ನೀನು ಬಸ್ಸಿಗೆ ಹೋಗೋ ದಾರೀಲಿ ಅವನ ಮನೆ ಸಿಗುತ್ತಲ್ಲ. ಗಿರಾಕಿ ಬೇಡ ಅಂತ ಹೇಳು. ನಾಳೆ ಬರುವಾಗ ಹಲಗೆ ತರ್ಲಿ."

ಅಷ್ಟು ಹೇಳಿದ್ದಕ್ಕೆ ಅವಳಿಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಬಕೆಟ್ಟಿನ ನೀರು ಕೊಳಕಾಗಿತ್ತು. ಚೆಲ್ಲಿ ಬೇರೆ ತರಲು ಎದ್ದಳು.