ಫಾರಮ್ಮಿನಲ್ಲಿ ಎರಡೇ ಹೆಸರು

ಸೊಸೆಯ ಕಂಪನಿಯ ಇನ್ಶೂರೆನ್ಸಿನಲ್ಲಿ ತನ್ನ ಹೆಸರೇ ಇಲ್ಲವೆಂಬುದು ರಾಮಕ್ಕನಿಗೆ ಗೊತ್ತಾದದ್ದು ಮನೆಯವರಿಂದಲ್ಲ, ಮಾಗಡಿ ರಸ್ತೆಯ ನರ್ಸಿಂಗ್ ಹೋಮೊಂದರ ಕೌಂಟರಿನಲ್ಲಿ ಕೂತಿದ್ದ ಹುಡುಗಿಯಿಂದ.

ಎರಡು ತಿಂಗಳಿಂದ ಬಲಗಡೆ ಪಕ್ಕೆ ಹಿಡಿದು ಹಿಂಡುತ್ತಿದ್ದ ನೋವನ್ನು ಅವಳು ಗ್ಯಾಸು ಎಂದೇ ತಳ್ಳಿಕೊಂಡು ಬಂದಿದ್ದಳು. ಅವತ್ತು ತಡೆಯಲಾರದೆ, ಮೂರು ವರ್ಷದ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಬ್ಬಳೇ ಹೋದಳು. ಸ್ಕ್ಯಾನ್ ನೋಡಿದ ಡಾಕ್ಟರು ಪಿತ್ತಕೋಶದ ತುಂಬ ಕಲ್ಲಿದೆ, ಆಪರೇಷನ್ ತಡ ಮಾಡಬೇಡಿ ಎಂದರು. ಕೌಂಟರಿನ ಹುಡುಗಿ ಒಂದು ಲಕ್ಷದ ಎಂಬತ್ತು ಸಾವಿರ ಎಂದಳು. ರಾಮಕ್ಕ ಗಾಬರಿಯಾಗಲಿಲ್ಲ. ಶೋಕೇಸಿನಿಂದ ತೆಗೆದುಕೊಂಡು ಹೋಗಿದ್ದ ಇನ್ಶೂರೆನ್ಸ್ ಕಾರ್ಡಿನ ಜೆರಾಕ್ಸ್ ಮುಂದಿಟ್ಟಳು.

"ನಮ್ ಸೊಸೇದು. ಧನ್ಯಶ್ರೀ ಅಂತ."

ಹುಡುಗಿ ಕಂಪ್ಯೂಟರ್ ನೋಡಿದಳು. "ಇದ್ರಲ್ಲಿ ಮುನಿರಾಮಯ್ಯ, ಪಿಳ್ಳಮ್ಮ ಅಂತಿದೆ ಆಂಟಿ. ನಿಮ್ ಹೆಸರಿಲ್ಲ."

ಮುನಿರಾಮಯ್ಯ, ಪಿಳ್ಳಮ್ಮ ಅಂದರೆ ಬೀಗರು, ಸೊಸೆಯ ಅಪ್ಪ ಅಮ್ಮ. ಮಲ್ಲತ್ತಹಳ್ಳಿಯವರು. ರಾಮಕ್ಕ ಇನ್ನೊಂದು ಸಲ ಓದಿಸಿದಳು. ಹಿಂದೆ ನಿಂತಿದ್ದವರು ಬೇಗ ಬೇಗ ಎಂದರು. ಹೆಗ್ಗನಹಳ್ಳಿಯ ಮನೆಗೆ ಬರುವಷ್ಟರಲ್ಲಿ ನೋವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

ಸಂಜೆ ಆಫೀಸಿನಿಂದ ಬಂದ ಧನ್ಯಶ್ರೀ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ನನ್ ಹೆಸರು ಎಲ್ಲೇ?"

ಯಾವ ಹೆಸರು ಎಂದು ಸೊಸೆ ಕೇಳಲಿಲ್ಲ. "ಕೂತ್ಕೊಳ್ಳಿ ಅತ್ತೆ, ಹೇಳ್ತೀನಿ."

"ಕೂತ್ರೆ ನೋವು. ನಿಂತೇ ಕೇಳ್ತೀನಿ, ಬೊಗಳು."

ಧನ್ಯಶ್ರೀ ಬ್ಯಾಗನ್ನು ನೆಲಕ್ಕೆ ಹಾಕಿದಳು. "ಕಂಪನೀಲಿ ಒಂದೋ ಅಪ್ಪ ಅಮ್ಮ, ಇಲ್ಲಾಂದ್ರೆ ಅತ್ತೆ ಮಾವ. ಎರಡು ಕಡೇನೂ ಹಾಕೋಕೆ ಬಿಡಲ್ಲ. ನಮ್ಮಪ್ಪಂಗೆ ಎರಡು ಸ್ಟೆಂಟ್ ಹಾಕಿದಾರೆ. ನಂಗೆ ಅಣ್ಣ ತಮ್ಮ ಯಾರಿದಾರೆ? ನಿಮಗಾದ್ರೆ ಮಗ ಇದಾನೆ."

"ನಂಗೆ ನನ್ ಕಾರ್ಡೇ ಇತ್ತು ಕಣೇ!" ರಾಮಕ್ಕನ ದನಿಗೆ ಮಗು ಬೆಚ್ಚಿತು. "ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್‌ಗೆ ಹೋಗಿದೀನಿ. ಶೀತ ಆದ್ರೂ ಇಎಸ್‌ಐನಲ್ಲಿ ಪುಕ್ಕಟೆ ಔಷಧಿ. ಹೆರಿಗೆ ರಜ ಮುಗೀತು, ಮಗೂನ ಯಾರು ನೋಡ್ತಾರೆ ಅತ್ತೆ ಅಂತ ಅತ್ತೋಳು ಯಾರು? ಕೆಲ್ಸ ಬಿಟ್ಟೆ, ಅದ್ರ ಜೊತೆ ಕಾರ್ಡೂ ಹೋಯ್ತು. ನಿಮ್ಮಮ್ಮ ಬಂದು ತೊಳೆದ್ಲಾ ನಿನ್ ಮಗಳ ಅಂಡು?"

"ನಮ್ಮಮ್ಮನ ಸುದ್ದಿ ಬೇಡ."

"ಫಾರಮ್ಮಿಗೆ ಮಾತ್ರ ಬೇಕು!"

ಅಷ್ಟರಲ್ಲಿ ಮಗ ಮಹದೇವ್ ಬಂದ. ವಿಜಯನಗರದ ಟೈಲ್ಸ್ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಗಿರಾಕಿಗಳ ಮುಂದೆ ಬಾಯಿ ನಿಲ್ಲದವನು, ಮನೆಯ ಜಗಳದಲ್ಲಿ ಮಾತ್ರ ಮೂಕ. ಇಬ್ಬರ ಮುಖವನ್ನೂ ನೋಡಿ ಬಾತ್‌ರೂಮಿನ ಕಡೆ ತಿರುಗಿದ. ಧನ್ಯಶ್ರೀ ಬಿಡಲಿಲ್ಲ.

"ಇಲ್ಲೇ ನಿಂತ್ಕೊಳ್ರೀ. ಯಾರ ಹೆಸರು ಹಾಕ್ಲಿ ಅಂತ ನಿಮ್ಮನ್ನ ಕೇಳಿದ್ನೋ ಇಲ್ವೋ? ಏನಂದ್ರಿ? ಹೇಳಿ ಅವರಿಗೆ."

ಮಹದೇವ್ ಗೋಡೆ ನೋಡಿದ. "ನಿಂಗೇನಾಗಿತ್ತಮ್ಮ ಆಗ? ಗುಂಡುಕಲ್ಲಿನ ಹಂಗಿದ್ದೆ. ಮಾವಂಗೆ ಹಾರ್ಟು. ಅದಕ್ಕೆ ಅವರನ್ನೇ ಹಾಕು ಅಂದೆ."

ರಾಮಕ್ಕ ಮಗನ ಕಡೆ ತಿರುಗಿದಳು. ಸೊಸೆ ತನ್ನ ಹೆತ್ತವರನ್ನು ಹಿಡಿದುಕೊಂಡಳು, ಅದು ಅವಳ ಲೆಕ್ಕ. ಇವನು ಯಾರನ್ನು ಬಿಟ್ಟ?

"ಈಗೇನ್ ಮುಳುಗೋಗಿಲ್ಲ," ಎಂದ ಮಹದೇವ್. "ಮನೆ ಪತ್ರ ಇಟ್ಟು ಲೋನ್ ತಗೊಳ್ಳೋಣ."

ಆ ಎರಡು ಕೋಣೆಯ ಶೀಟಿನ ಮನೆ ರಾಮಕ್ಕನ ಪಿಎಫ್ ದುಡ್ಡಿನಲ್ಲಿ ಎದ್ದದ್ದು.

"ನನ್ ಮನೆ ಅಡ ಇಟ್ಟು ನಂಗೆ ಉಪಕಾರ ಮಾಡ್ತೀಯಾ? ಥೂ ನಿನ್ನ!" ಎಂದಳು. ಅವತ್ತು ಒಲೆ ಹಚ್ಚಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಸೀರೆಗೆ ಪಿನ್ನು ಹಾಕಿಕೊಂಡು ಸುಂಕದಕಟ್ಟೆಯ ಒಂದು ಗಾರ್ಮೆಂಟ್ಸಿಗೆ ಹೋದಳು. ಹಿಂದೆ ಅವಳ ಹೊಲಿಗೆ ಲೈನಿನಲ್ಲೇ ದುಡಿದಿದ್ದ ರೇವಣಸಿದ್ದ ಅಲ್ಲಿ ಸೂಪರ್‌ವೈಸರ್ ಆಗಿದ್ದ.

"ಈ ವಯಸ್ಸಲ್ಲಿ ಮಿಷಿನ್ ಮೇಲೆ ಕೂರ್ತೀಯೇನಕ್ಕಾ?"

"ದಾರ ಕತ್ತರಿಸ್ತೀನಿ. ಏನ್ ಕೊಟ್ರೂ ಮಾಡ್ತೀನಿ. ಇಎಸ್‌ಐ ಮಾತ್ರ ಮೊದಲ ದಿನದಿಂದ್ಲೇ ಕಟ್ಟಬೇಕು." ಕಲ್ಲಿನ ಮಾತು ಎತ್ತಲಿಲ್ಲ. ಎತ್ತಿದರೆ ಅವನು ಸೇರಿಸಿಕೊಳ್ಳುತ್ತಿರಲಿಲ್ಲ.

ಮನೆಯಲ್ಲಿ ಧನ್ಯಶ್ರೀ ಕೂಗಾಡಿದಳು. "ಹೊಟ್ಟೇಲಿ ಕಲ್ಲಿಟ್ಕೊಂಡು ಯಾರಾದ್ರೂ ಕೆಲ್ಸಕ್ಕೆ ಹೋಗ್ತಾರಾ? ನಾಳೆ ಏನಾದ್ರೂ ಆದ್ರೆ ಬೀದೀಲಿ ನನ್ನ ಉಗೀತಾರೆ. ಮಗೂನ ಏನ್ ಮಾಡ್ಲಿ?"

"ನಿನ್ ಮಗು, ನಿನ್ ಯೋಚನೆ."

ಮರುದಿನದಿಂದ ಮಗುವನ್ನು ದಿನಾ ಮಲ್ಲತ್ತಹಳ್ಳಿಗೆ ಬಿಟ್ಟು ಬರುವುದಾಯಿತು. ಬೆಳಿಗ್ಗೆ ಅದು ಅಜ್ಜಿ ಅಜ್ಜಿ ಎಂದು ಚೀರಿದರೂ ರಾಮಕ್ಕ ತಿರುಗಿ ನೋಡದೆ ಗೇಟು ದಾಟುತ್ತಿದ್ದಳು. ತಿರುಗಿದರೆ ಸೋಲುತ್ತೇನೆಂಬ ಭಯ. ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ಶರ್ಟುಗಳ ದಾರ ಕತ್ತರಿಸುತ್ತಿದ್ದಳು. ಎಣ್ಣೆ ಮುಟ್ಟಲಿಲ್ಲ, ಬರೀ ಮಜ್ಜಿಗೆ ಅನ್ನ. ಇಎಸ್‌ಐ ನಂಬರು ಬಂದ ವಾರವೇ ಆಸ್ಪತ್ರೆಗೆ ಹೊರಟವಳಿಗೆ ಅರ್ಜೆಂಟ್ ಆರ್ಡರ್ ಇದೆ, ರಜ ಇಲ್ಲ ಎಂದರು. ಕೆಲಸ ಹೋದರೆ ಕಾರ್ಡೂ ಹೋದೀತೆಂದು ಹಲ್ಲು ಕಚ್ಚಿಕೊಂಡಳು.

ಇಪ್ಪತ್ತಮೂರನೇ ದಿನ ಮಧ್ಯಾಹ್ನ ಟೇಬಲ್ಲಿನ ಮೇಲೆಯೇ ಕುಸಿದಳು. ಮೈ ಕೆಂಡವಾಗಿತ್ತು, ಕಣ್ಣು ಅರಿಸಿನ. ರೇವಣಸಿದ್ದನೇ ಆಟೋದಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಸೇರಿಸಿದ. ಪಿತ್ತಕೋಶ ಕೀವುಗಟ್ಟಿತ್ತು. ಸಣ್ಣ ತೂತಿನಲ್ಲಿ ಮುಗಿಯಬೇಕಿದ್ದ ಆಪರೇಷನ್ನಿಗೆ ಹೊಟ್ಟೆಯನ್ನೇ ಕೊಯ್ಯಬೇಕಾಯಿತು. "ಒಂದು ತಿಂಗಳು ಹಿಂದೆ ಬರೋಕೇನಮ್ಮ ರೋಗ ನಿಮಗೆ?" ಎಂದು ಡಾಕ್ಟರು ಬೈದರು. ಒಂದು ತಿಂಗಳ ಹಿಂದೆ ರಾಮಕ್ಕನ ಹತ್ತಿರ ಕಾರ್ಡಿರಲಿಲ್ಲ.

ನಾಲ್ಕನೇ ದಿನ ಧನ್ಯಶ್ರೀ ಗಂಜಿ ತಂದಳು. ಹಿಂದೆ ಬಂದ ಮಹದೇವನಿಗೆ ರಾಮಕ್ಕ, "ಹೊರಗೆ ನಿಂತ್ಕೋ," ಎಂದಳು. ಅವನು ಬಾಗಿಲಾಚೆ ಹೋಗಿ ನಿಂತ.

"ಏಪ್ರಿಲ್‌ನಲ್ಲಿ ಹೆಸರು ಬದಲಾಯಿಸ್ಬೋದಂತೆ," ಎಂದಳು ಧನ್ಯಶ್ರೀ, ಲೋಟಕ್ಕೆ ಗಂಜಿ ಬಗ್ಗಿಸುತ್ತ. "ಅಪ್ಪನೇ ಹೇಳಿದ್ರು, ನಿಮ್ದು ಹಾಕು ಅಂತ."

"ಬೇಡ. ಆಮೇಲೆ ನಿಮ್ಮಪ್ಪಂಗೆ ಏನಾದ್ರೂ ಆದ್ರೆ ನನ್ನಿಂದ್ಲೇ ಆಯ್ತು ಅಂತ ಸಾಯೋವರ್ಗೂ ಅಂತೀಯ."

"ಅಂತೀನಿ," ಎಂದಳು ಧನ್ಯಶ್ರೀ. ಕಣ್ಣು ತಗ್ಗಿಸಲಿಲ್ಲ.

ರಾಮಕ್ಕ ಗಂಜಿ ಕುಡಿದು ಲೋಟ ವಾಪಸು ಕೊಟ್ಟಳು. ಈ ಹುಡುಗಿಯ ಜೊತೆ ಜಗಳವಾದರೂ ಆಡಬಹುದು ಅನ್ನಿಸಿತು. ಬಾಗಿಲಾಚೆ ನಿಂತವನ ಜೊತೆ ಅದೂ ಸಾಧ್ಯವಿರಲಿಲ್ಲ.

ಮನೆಗೆ ಬಂದ ಎಂಟನೇ ದಿನ ಮಗನನ್ನು ಕರೆದು, "ಬೇರೆ ಮನೆ ನೋಡ್ಕೋ," ಎಂದಳು. ಅವನು ನಂಬಲಿಲ್ಲ. ಇನ್ನೊಂದು ಸಲ ಹೇಳಿದಳು. ಮೂರನೆಯ ಸಲ ಹೇಳುವಷ್ಟರಲ್ಲಿ ಧನ್ಯಶ್ರೀ ಮಲ್ಲತ್ತಹಳ್ಳಿಯಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಳು.

ತಿಂಗಳು ಕಳೆದು, ಸಾಮಾನು ಸಾಗಿಸುವ ಬೆಳಿಗ್ಗೆ ಟೆಂಪೊ ಬಾಗಿಲಲ್ಲಿ ನಿಂತಿತ್ತು. ಮಗು ಓಡಿ ಬಂದು ಎರಡೂ ಕೈ ಚಾಚಿತು. ರಾಮಕ್ಕ ಎತ್ತಿಕೊಂಡಳು. ಹೊಲಿಗೆ ಹಾಕಿದ ಜಾಗ ಚುರುಕ್ಕೆಂದು ಎಳೆಯಿತು. ತುಟಿ ಕಚ್ಚಿ ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಸೊಸೆಯ ಕೈಗೆ ದಾಟಿಸಿದಳು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಟೆಂಪೊ ಹೊರಟಿತು. ಆಪರೇಷನ್ನಿನ ರಜ ಹಿಂದಿನ ದಿನಕ್ಕೇ ಮುಗಿದಿತ್ತು. ರಾಮಕ್ಕ ಬೀಗ ಹಾಕಿ, ಊಟದ ಡಬ್ಬಿಯ ಚೀಲ ಹಿಡಿದು ಸುಂಕದಕಟ್ಟೆಯ ಕಡೆ ನಡೆದಳು. ಫ್ಯಾಕ್ಟರಿಯ ಗೇಟು ಮುಚ್ಚುವುದಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು.