ಹುಚ್ಚವ್ವನ ಬಲಗೈ

ಇಪ್ಪತ್ತೆರಡು ವರ್ಷದಿಂದ ಸೊಲ್ಲಾಪುರದ ಈ ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದೇನೆ. ಮಕ್ಕಳ ಪ್ರಾಜೆಕ್ಟುಗಳ ಹಣೆಬರಹ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಪರೀಕ್ಷೆಯ ದಿನ ತಿರುಗುತ್ತವೆ, ಮರುದಿನ ಗುಜರಿಗೆ ಹೋಗುತ್ತವೆ. ಹೀಗಾಗಿ ವಳಸಂಗದಿಂದ ದಿನಾ ಬಸ್ಸಿಗೆ ಬರುವ ಕೊನೆಯ ವರ್ಷದ ಹುಡುಗಿ ಉಜ್ವಲಾ, ರೊಟ್ಟಿ ಬಡಿಯುವ ಕೃತಕ ಕೈ ಮಾಡುತ್ತೇನೆಂದಾಗ ನಕ್ಕುಬಿಟ್ಟೆ.

"ನಗಬ್ಯಾಡ್ರಿ ಸಿದ್ದಣ್ಣಾ ಮಾಮಾ," ಅಂದಳು. "ಮಂದ್ರೂಪದ ಹುಚ್ಚವ್ವಾಯಿ ದನಕ್ಕ ಹಾಕೂ ಕಣಿಕಿ ಕತ್ತರಸೂ ಮಶೀನ್‌ನ್ಯಾಗ ಬಲಗೈ ಕಳಕೊಂಡಾಳ. ದವಾಖಾನ್ಯಾಗ ಕೊಟ್ಟ ಕೈ ಬರೇ ತೋರಸಾಕ ಐತಿ. ಆಕಿಗಿ ರೊಟ್ಟಿ ಬಡ್ಯೂ ಕೈ ಬೇಕಂತ."

ಖರ್ಚಿಗೆ ಯಾರೋ ಕಾಲೇಜಿಗೆ ದಾನ ಕೊಟ್ಟಿದ್ದರು. ತಮ್ಮ ಹೆಸರು ಎಲ್ಲೂ ಹಾಕಬಾರದೆಂಬುದು ಅವರ ಒಂದೇ ಕರಾರು. ಒಂದು ಫ್ಯಾನ್ ಕೊಟ್ಟರೂ ಮೂರೂ ರೆಕ್ಕೆಗೆ ಹೆಸರು ಬರೆಸುವ ಜನ ನಾವು. ಇವರ್ಯಾವ ಪುಣ್ಯಾತ್ಮರಪ್ಪಾ ಎಂದುಕೊಂಡೆ.

ಕೈಗೆ ಬಡಿತ ಕಲಿಸಬೇಕಲ್ಲ? ಉಜ್ವಲಾ ಮಂದ್ರೂಪದ ಹನ್ನೆರಡು ಹೆಂಗಸರನ್ನು ಕರೆತಂದು, ತಂತಿ ಹೊಲಿದ ಕೈಗವಸು ತೊಡಿಸಿ ರೊಟ್ಟಿ ಬಡಿಯಲು ಹಚ್ಚಿದಳು. ಒಬ್ಬೊಬ್ಬರ ಬಡಿತವೂ ಕಂಪ್ಯೂಟರಿಗೆ ಹೋಯಿತು. ಅದನ್ನು ಕಲಿತ ಕೈ ಬಡಿದ ಮೊದಲ ರೊಟ್ಟಿ ಇಟ್ಟಂಗಿಯಷ್ಟು ದಪ್ಪವಾಯಿತು! ಕಾಲೇಜಿನ ಸಾಮಾನು ಹಾಳಾದೀತೆಂದು ಹೆದರಿ, ಹೆಂಗಸರೆಲ್ಲ ಕೂಸಿನ ಬೆನ್ನು ತಟ್ಟುವಂತೆ ತಟ್ಟಿದ್ದರು. ಹುಚ್ಚವ್ವ ಎಲ್ಲರನ್ನೂ ಬೈದಳು. "ನಿಮ್ಮ ಅತ್ತಿ ಮ್ಯಾಲಿನ ಸಿಟ್ಟು ಎಲ್ಲಿ ಹೋತ್ರೆವ್ವಾ? ಹಾಕ್ರಿ ಜೋರ್ಲೆ!" ಎರಡನೆಯ ಸಲ ವರ್ಕ್‌ಶಾಪೇ ಗುಡುಗಿತು.

ಇವತ್ತು ಪರೀಕ್ಷೆ. ಕೈ ಕೆಲಸ ಮಾಡಿದರೆ ಹುಚ್ಚವ್ವ ಮನೆಗೆ ಒಯ್ಯಬಹುದು, ಇಲ್ಲದಿದ್ದರೆ ಗುಜರಿಯೇ ಗತಿ. ನಾನು ಒಲೆ ಹೊತ್ತಿಸಿದೆ. ಹಿಂದಿನ ಕುರ್ಚಿಯಲ್ಲಿ ಬಿಳಿ ಟೋಪಿಯ ಮುದುಕರೊಬ್ಬರು ತಲೆ ತಗ್ಗಿಸಿ ಕೂತಿದ್ದರು. ಯಾರೆಂದು ಪ್ರಿನ್ಸಿಪಾಲರನ್ನು ಕೇಳಿದೆ.

"ಮಂದ್ರೂಪದ ಕಲ್ಯಾಣಪ್ಪ ಪಾಟೀಲ್ರು," ಎಂದು ಅವರು ಕಿವಿಯಲ್ಲಿ ಹೇಳಿದರು. "ದಾನಾ ಅವರ್ದ. ಆಕಿ ಕೈ ಹೋದ ಮಶೀನೂ ಅವರ್ದ."

ಹುಚ್ಚವ್ವ ಕೈಯ ಪಟ್ಟಿ ಬಿಗಿಸಿಕೊಂಡು ಕೂತಳು. ಎಡಗೈಯಿಂದ ಜೋಳದ ಹಿಟ್ಟು ನಾದಿ, ಉಂಡೆ ಮಾಡಿ, ಬಲಗೈ ಎತ್ತಿದಳು. ತಪ್ ಅಂದಿತು. ಅಲ್ಲೇ ನಿಂತಿತು. ಉಜ್ವಲಾಳ ಮುಖ ಬಿಳುಚಿಕೊಂಡಿತು. ಮತ್ತೆ ತಪ್. ಆಮೇಲೆ ತಪ್ ತಪ್ ತಪ್ ತಪ್. ರೊಟ್ಟಿ ಬಡಿತಕ್ಕೆ ತಿರುಗುತ್ತ ತಿರುಗುತ್ತ, ಅಂಚು ಒಡೆಯದೆ, ಹಂಚಿನಷ್ಟು ಅಗಲವಾಯಿತು. ಹನ್ನೆರಡು ಹೆಂಗಸರೂ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಇಷ್ಟು ವರ್ಷ ಕಬ್ಬಿಣ ತಿರುಗುವುದನ್ನು ನೋಡಿದ್ದೆ, ಅದು ಒಬ್ಬ ಹೆಂಗಸಿನ ಕೈಯಾಗುವುದನ್ನು ನೋಡಿರಲಿಲ್ಲ. ನನಗರಿವಿಲ್ಲದೇ ಕೈಮುಗಿದು ನಿಂತಿದ್ದೆ.

ಹಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಹೆಂಗಸರು ಹೋ ಎಂದು ಕೂಗಿದರು. ಹುಚ್ಚವ್ವ ನಗಲಿಲ್ಲ. ಬಿಸಿ ರೊಟ್ಟಿಯನ್ನು ಅದೇ ಕೈಮೇಲೆ ಇಟ್ಟುಕೊಂಡು ಎದ್ದಳು. ಉಜ್ವಲಾಳನ್ನು ದಾಟಿ, ಪ್ರಿನ್ಸಿಪಾಲರನ್ನು ದಾಟಿ, ಹಿಂದಿನ ಕುರ್ಚಿಯ ಮುಂದೆ ಹೋಗಿ ನಿಂತಳು. ಪಾಟೀಲರು ಗಡಬಡಿಸಿ ಎದ್ದರು.

"ತಿನ್ರಿ ಪಾಟೀಲ್ರ," ಅಂದಳು. "ಮೂವತ್ತು ವರ್ಷ ನಿಮ್ಮ ಹೊಲದಾಗ ದುಡದೀನಿ. ನಮ್ಮ ಕೇರೀದು ಅಂತ, ಆ ಹೋದ ಕೈಲೆ ಬಡದ ರೊಟ್ಟಿ ನೀವು ಒಂದಿನಾನೂ ಮುಟ್ಟಲಿಲ್ಲ."

ಮುದುಕರು ಟೋಪಿ ತೆಗೆದರು. ಎರಡೂ ಕೈ ಚಾಚಿದರು.